ಎಂಬತ್ತು ಜಾಗ, ಒಂದು ಪರೀಕ್ಷೆ, ನಮ್ಮ ಮಕ್ಕಳು

(ತೋಟ ಮತ್ತು ಮಿಲ್ ಕಾರ್ಮಿಕರು ಹಾಗೂ ಚಿಲ್ಲರೆ ವರ್ತಕರು ಸೇರಿದ್ದ ಬಣಕಲ್‌ನ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾನು ಕೂಲಿಯ ದರದ ಬಗ್ಗೆ ಮಾತನಾಡಲು ಬಂದಿಲ್ಲ, ಬೋನಸ್ಸಿನ ಬಗ್ಗೆಯೂ ಅಲ್ಲ. ಹತ್ತು ವರ್ಷದ ಒಂದು ಮಗುವಿನ ಬಗ್ಗೆ ಮಾತನಾಡಲು ಬಂದಿದ್ದೇನೆ. ಆ ಮಗು ನಿಮ್ಮ ಮನೆಯಲ್ಲಿದೆ, ಐದನೇ ತರಗತಿ ಓದುತ್ತಿದೆ. ಅದನ್ನು ನವೋದಯಕ್ಕೋ ಮೊರಾರ್ಜಿ ಶಾಲೆಗೋ ಸೇರಿಸಬೇಕೆಂಬ ಆಸೆ ನಿಮಗಿದೆ. ಆಸೆ ತಪ್ಪಲ್ಲ. ಆದರೆ ಆಸೆ ಹುಟ್ಟಿದ ಮನೆಯ ಬಾಗಿಲಿಗೆ ಅದರ ಬೆನ್ನಿಗೇ ಇನ್ನೊಬ್ಬ ಬರುತ್ತಾನೆ. ತರಬೇತಿ ಕೊಡಿಸುತ್ತೇನೆ, ಇಷ್ಟು ಸಾವಿರ ಕಟ್ಟಿ ಎನ್ನುತ್ತಾನೆ. ಕೈಯಲ್ಲಿ ಹಣವಿಲ್ಲದ ಕಾರ್ಮಿಕ ತೋಟದ ಸಾಹುಕಾರರ ಬಳಿ ಮುಂಗಡ ಕೇಳಬೇಕಾಗುತ್ತದೆ. ಅಂಗಡಿಯವನು ಬಂಡವಾಳಕ್ಕೆ ಕೈಹಾಕಬೇಕಾಗುತ್ತದೆ. ಮಗುವನ್ನು ಲೈನ್ ಮನೆಯಿಂದ ಬಿಡಿಸಹೋದ ತಂದೆ ಮುಂಗಡ ತೀರುವವರೆಗೆ ಅದೇ ಲೈನಿಗೆ ಕಟ್ಟುಬಿದ್ದಂತಾಗುತ್ತದೆ. ಇದೆಂತಹ ಬಿಡುಗಡೆ?

ಆದ್ದರಿಂದ ನನ್ನ ಮಾತು ಎರಡೇ. ಒಂದು: ಈ ಪರೀಕ್ಷೆಗೆ ಬೇಕಾದ ಸಿದ್ಧತೆಯನ್ನು ನಮ್ಮ ಮನೆಯಲ್ಲೇ, ಸಾಲವಿಲ್ಲದೆ, ದಿನಕ್ಕೆ ಒಂದು ಗಂಟೆಯಲ್ಲಿ ಮಾಡಬಹುದು. ಎರಡು: ಪರೀಕ್ಷೆಯಲ್ಲಿ ಜಾಗ ಸಿಗದ ಮಗುವೂ ನಮ್ಮದೇ; ಅದರ ಶಾಲೆಯನ್ನು ನಾವು ಕೈಬಿಡಕೂಡದು.

ಶಾಲೆ ಯಾವುದು, ಜಾಗ ಎಷ್ಟು?

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ಕೇಂದ್ರ ಸರ್ಕಾರ ಜಿಲ್ಲೆಗೊಂದು ನವೋದಯ ವಿದ್ಯಾಲಯ ಎಂಬ ಯೋಜನೆ ತಂದಿತು. ಮುಖ್ಯವಾಗಿ ಹಳ್ಳಿಯ ಮಕ್ಕಳಿಗೆಂದು ತೆರೆದ ಶಾಲೆಗಳು ಇವು. ಆರನೇ ತರಗತಿಯಿಂದ ಹನ್ನೆರಡರವರೆಗೆ ವಸತಿ, ಊಟ, ಸಮವಸ್ತ್ರ, ಪುಸ್ತಕ ಉಚಿತ. ಒಂಬತ್ತನೇ ತರಗತಿಯಿಂದ ವಿಕಾಸ ನಿಧಿಯೆಂದು ತಿಂಗಳಿಗೆ 600 ರೂಪಾಯಿ ಇದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಡತನದ ರೇಖೆಯ ಕೆಳಗಿನವರು ಅದನ್ನೂ ಕೊಡಬೇಕಾಗಿಲ್ಲ. ನಮ್ಮ ಜಿಲ್ಲೆಯ ನವೋದಯ ಇರುವುದು ಬಾಳೆಹೊನ್ನೂರಿನ ಬಳಿಯ ಸೀಗೋಡಿನಲ್ಲಿ.

ಅಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಮಕ್ಕಳು. ನಮ್ಮ ಜಿಲ್ಲೆಯಲ್ಲಿ ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿಯಿಂದ ಹಿಡಿದು ಕಡೂರು, ಅಜ್ಜಂಪುರದವರೆಗೆ ಒಂಬತ್ತು ತಾಲ್ಲೂಕುಗಳಿವೆ. ಸಮನಾಗಿ ಹಂಚಿದರೂ ತಾಲ್ಲೂಕಿಗೆ ಒಂಬತ್ತು ಜಾಗ ಪೂರ್ತಿ ಬಾರದು. ಈ ಲೆಕ್ಕವನ್ನು ಮನಸ್ಸಿನಲ್ಲಿಡಿ. ಕೊನೆಗೆ ಮತ್ತೆ ಬೇಕಾಗುತ್ತದೆ.

ಇನ್ನೊಂದು ಬಾಗಿಲೂ ಉಂಟು. ರಾಜ್ಯ ಸರ್ಕಾರ 1996-97ರಲ್ಲಿ ಆರಂಭಿಸಿದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಹೆಣ್ಣುಮಕ್ಕಳಿಗಾಗಿ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಮುಂತಾದವು. ಇವುಗಳ ಆರನೇ ತರಗತಿಗೂ ಪ್ರವೇಶ ಪರೀಕ್ಷೆಯಿದೆ. ಅದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತ ಬಂದಿದೆ. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಎಲ್ಲದರಿಂದಲೂ ಪ್ರಶ್ನೆ ಬರುತ್ತದೆ. ಶಾಲೆಯ ಪಾಠಪುಸ್ತಕವನ್ನು ಚೆನ್ನಾಗಿ ಓದಿದ ಮಗುವಿಗೆ ಇದು ಹೊಸದೇನಲ್ಲ. ಒಂದು ಪರೀಕ್ಷೆಗೆ ಮಾಡಿದ ಅಭ್ಯಾಸ ಇನ್ನೊಂದಕ್ಕೂ ಒದಗುತ್ತದೆ. ಹಾಗಾಗಿ ಎರಡಕ್ಕೂ ಅರ್ಜಿ ಹಾಕಿ.

ಓದುವುದಕ್ಕಿಂತ ಮೊದಲು ನಿಯಮ ತಿಳಿಯಿರಿ

ಎಷ್ಟೋ ಮಕ್ಕಳು ಸೋಲುವುದು ಪ್ರಶ್ನೆಪತ್ರಿಕೆಯ ಮುಂದೆ ಅಲ್ಲ, ಅರ್ಜಿಯ ಮುಂದೆ. ನವೋದಯದ ನಾಲ್ಕು ನಿಯಮಗಳನ್ನು ಪ್ರತಿ ತಂದೆತಾಯಿಯೂ ಬಾಯಿಪಾಠ ಮಾಡಬೇಕು.

ಮೊದಲನೆಯದು: ಈ ಪರೀಕ್ಷೆಗೆ ಮಗು ಕಟ್ಟುವುದು ಒಂದೇ ಸಲ, ಐದನೇ ತರಗತಿಯಲ್ಲಿರುವಾಗ. ಮುಂದಿನ ವರ್ಷ ನೋಡೋಣ ಎನ್ನುವ ಮಾತೇ ಇಲ್ಲ.

ಎರಡನೆಯದು: ಕನಿಷ್ಠ ನೂರಕ್ಕೆ 75 ಜಾಗ ಗ್ರಾಮೀಣ ಮಕ್ಕಳಿಗೆ ಮೀಸಲು. ಅದಕ್ಕೆ ಮಗು ಮೂರು, ನಾಲ್ಕು, ಐದನೇ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಪೂರ್ತಿಯಾಗಿ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಅದು ಪಟ್ಟಣದ ಮಗುವೆಂದೇ ಲೆಕ್ಕ. ವರ್ತಕ ಮಿತ್ರರು ಇದನ್ನು ಗಮನಿಸಬೇಕು. ಬಣಕಲ್ ಗ್ರಾಮ ಪಂಚಾಯಿತಿ, ಮೂಡಿಗೆರೆ ಪಟ್ಟಣ ಪಂಚಾಯಿತಿ. ಒಳ್ಳೆಯ ಕಾನ್ವೆಂಟು ಎಂದು ನಾಲ್ಕನೇ ತರಗತಿಯಲ್ಲಿ ಮಗುವನ್ನು ಪಟ್ಟಣಕ್ಕೆ ಕಳಿಸಿ, ಐದರಲ್ಲಿ ಹಳ್ಳಿಗೆ ಕರೆತಂದು ಗ್ರಾಮೀಣ ಜಾಗ ಕೇಳಿದರೆ ಸಿಗುವುದಿಲ್ಲ.

ಮೂರನೆಯದು: ಮಗು ಯಾವ ಜಿಲ್ಲೆಯಲ್ಲಿ ವಾಸವಿದ್ದು ಐದನೇ ತರಗತಿ ಓದುತ್ತಿದೆಯೋ ಆ ಜಿಲ್ಲೆಯ ನವೋದಯಕ್ಕೆ ಮಾತ್ರ ಅರ್ಜಿ. ತೋಟದ ಸಂಗಾತಿಗಳೇ, ಇದು ನಿಮಗೆ ಹೇಳುವ ಮಾತು. ಮೂಡಿಗೆರೆಯ ತೋಟ ಬಿಟ್ಟು ಸಕಲೇಶಪುರದ ತೋಟಕ್ಕೆ ಹೋಗುವುದು ನಿಮಗೆ ಒಂದು ಗುಡ್ಡ ದಾಟಿದಷ್ಟೇ ಇರಬಹುದು. ಸರ್ಕಾರದ ಕಣ್ಣಿಗೆ ನೀವು ಚಿಕ್ಕಮಗಳೂರು ಬಿಟ್ಟು ಹಾಸನ ಜಿಲ್ಲೆಗೆ ಹೋದಿರಿ. ಚಾರ್ಮಾಡಿ ಇಳಿದರೆ ದಕ್ಷಿಣ ಕನ್ನಡ. ಮೇಸ್ತ್ರಿ ಕರೆದನೆಂದು ವರ್ಷದ ನಡುವೆ ಗಂಟುಮೂಟೆ ಕಟ್ಟಿದರೆ ಮಗುವಿನ ಈ ಒಂದೇ ಅವಕಾಶ ದಾರಿಯಲ್ಲಿ ಉದುರಿಹೋಗಬಹುದು. ಮಗು ಐದನೇ ತರಗತಿಯಲ್ಲಿರುವ ವರ್ಷ ಮಾತ್ರವಾದರೂ ಒಂದೇ ಕಡೆ ನಿಲ್ಲಲು ಪ್ರಯತ್ನಿಸಿ.

ನಾಲ್ಕನೆಯದು: ಅರ್ಜಿಗೆ ಶುಲ್ಕವಿಲ್ಲ, ಆದರೆ ಅದನ್ನು ಕಂಪ್ಯೂಟರಿನಲ್ಲೇ ತುಂಬಬೇಕು. ಮುಖ್ಯೋಪಾಧ್ಯಾಯರ ಸಹಿಯ ಪ್ರಮಾಣಪತ್ರ, ಮಗುವಿನ ಫೋಟೋ, ತಂದೆ ಅಥವಾ ತಾಯಿಯ ಸಹಿ, ಮಗುವಿನ ಸಹಿ ಬೇಕು. ಕಳೆದ ಸಾಲುಗಳಲ್ಲಿ ಅರ್ಜಿ ಕರೆದದ್ದು ಮಳೆಗಾಲದಲ್ಲಿ. ನಮ್ಮ ಕಡೆಯ ಮಳೆಗಾಲ ಎಂದರೆ ನಿಮಗೆ ಗೊತ್ತು: ಮರ ಬಿದ್ದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ನೆಟ್‌ವರ್ಕ್ ಇಲ್ಲ. ಕೊನೆಯ ದಿನಕ್ಕೆ ಕಾಯುವವನು ಕೊಟ್ಟಿಗೆಹಾರದ ಮಂಜಿನಲ್ಲಿ ಬಸ್ಸಿಗೆ ಕಾದಂತೆ. ಪ್ರಕಟಣೆ ಬಂದ ವಾರದಲ್ಲೇ ಕೆಲಸ ಮುಗಿಸಿ. ಹುಟ್ಟಿದ ದಿನಾಂಕ, ಹೆಸರು, ಜಾತಿ ಪ್ರಮಾಣಪತ್ರ ಇವು ಶಾಲೆಯಲ್ಲೊಂದು, ಆಧಾರ್‌ನಲ್ಲೊಂದು ಇದ್ದರೆ ಬೇಸಗೆಯಲ್ಲೇ ಸರಿಪಡಿಸಿಕೊಳ್ಳಿ.

ಪ್ರಶ್ನೆಪತ್ರಿಕೆಯಲ್ಲಿ ಏನಿದೆ?

ಎರಡು ಗಂಟೆಯ ಪರೀಕ್ಷೆ. 80 ಪ್ರಶ್ನೆ, 100 ಅಂಕ. ಮೊದಲ ಭಾಗ ಮಾನಸಿಕ ಸಾಮರ್ಥ್ಯ: 40 ಪ್ರಶ್ನೆ, 50 ಅಂಕ, ಒಂದು ಗಂಟೆ. ಎರಡನೆಯದು ಅಂಕಗಣಿತ: 20 ಪ್ರಶ್ನೆ, 25 ಅಂಕ, ಅರ್ಧ ಗಂಟೆ. ಮೂರನೆಯದು ಭಾಷೆ: 20 ಪ್ರಶ್ನೆ, 25 ಅಂಕ, ಅರ್ಧ ಗಂಟೆ. ಒಂದು ಪ್ರಶ್ನೆಗೆ ಸರಾಸರಿ ಒಂದೂವರೆ ನಿಮಿಷ. ಕನ್ನಡದಲ್ಲೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ; ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದೆಂದು ಮಗುವಿಗೆ ಹೇಳಿರಿ.

ಈಗ ಒಬ್ಬ ತಾಯಿ ಕೇಳಬಹುದು: “ನನಗೆ ಅಕ್ಷರವೇ ಬಾರದು, ನಾನೇನು ಹೇಳಿಕೊಡಲಿ?” ಅಮ್ಮಾ, ನೀವು ಕೊಡಬಹುದಾದದ್ದು ಬಹಳವಿದೆ. ಒಂದೊಂದಾಗಿ ನೋಡೋಣ.

ಭಾಷೆ. ಒಂದು ಗದ್ಯಭಾಗ ಕೊಟ್ಟು, ಅದನ್ನು ಓದಿ ಅರ್ಥಮಾಡಿಕೊಂಡಿದ್ದಾನೆಯೇ ಎಂದು ಕೇಳುತ್ತಾರೆ. ಇದಕ್ಕೆ ಮದ್ದು ಒಂದೇ, ಓದುವುದು. ಸಂಜೆ ನೀವು ಒಲೆಯ ಮುಂದೆ ಕೂತಾಗ ಮಗು ಅರ್ಧ ಪುಟ ಗಟ್ಟಿಯಾಗಿ ಓದಲಿ. ಪಾಠಪುಸ್ತಕವಾಗಲಿ, ಪತ್ರಿಕೆಯಾಗಲಿ, ಗೊಬ್ಬರದ ಚೀಲದ ಮೇಲಿನ ಸೂಚನೆಯೇ ಆಗಲಿ. ಓದಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಿಸಿ ಕೇಳಿ: “ಏನಂತೆ? ಯಾರು ಮಾಡಿದರಂತೆ? ಯಾಕಂತೆ?” ಮಗು ತನ್ನ ಮಾತಿನಲ್ಲಿ ಹೇಳಲಿ. ಅದು ಹೇಳಿದ್ದು ನಿಮಗೆ ಅರ್ಥವಾದರೆ ಮಗುವಿಗೆ ಅರ್ಥವಾಗಿದೆ. ಅರ್ಥವಾಗದಿದ್ದರೆ ಇನ್ನೊಮ್ಮೆ ಓದಲಿ. ಇದಕ್ಕಿಂತ ಒಳ್ಳೆಯ ಪರೀಕ್ಷಕರು ಬೇಕೆ? ಮನೆಯಲ್ಲಿ ತಮಿಳು, ತುಳು ಅಥವಾ ಬ್ಯಾರಿ ಮಾತನಾಡುವವರು ತಮ್ಮ ಮಾತಿನಲ್ಲೇ ಕೇಳಿ. ಮಗು ಕನ್ನಡದಲ್ಲಿ ಓದಿ ಮನೆಮಾತಿನಲ್ಲಿ ಹೇಳಿದರೆ ಅದಕ್ಕೆ ವಿಷಯ ದಕ್ಕಿದೆ ಎಂದೇ ಅರ್ಥ.

ಅಂಕಗಣಿತ. ಮಗ್ಗಿ ಇಪ್ಪತ್ತರವರೆಗೆ ಬಾಯಲ್ಲಿರಬೇಕು. ಅದರ ಮೇಲಿನ ಲೆಕ್ಕವೆಲ್ಲ ನಮ್ಮ ಬದುಕಿನಲ್ಲೇ ಇದೆ. ಕೊಯ್ಲಿನ ತೂಕವನ್ನೇ ತೆಗೆದುಕೊಳ್ಳಿ. ಸೋಮವಾರ 46 ಕಿಲೋ, ಮಂಗಳವಾರ 52, ಬುಧವಾರ 49. ಕಿಲೋಗೆ 5 ರೂಪಾಯಿ ಎಂದಿಟ್ಟುಕೊಂಡರೆ ಕೂಲಿ ಎಷ್ಟು? ಒಟ್ಟು 147 ಕಿಲೋ. 150ಕ್ಕೆ 750, ಮೂರು ಕಿಲೋದ 15 ಕಳೆದರೆ 735. ಹೀಗೆ ಬಾಯಿಲೆಕ್ಕದಲ್ಲಿ ಮಾಡಲು ಕಲಿತ ಮಗು ಕಾಗದದ ಮೇಲೆ ಗುಣಾಕಾರ ಮಾಡುವ ಮಗುವಿಗಿಂತ ಅರ್ಧ ನಿಮಿಷ ಮುಂದಿರುತ್ತದೆ. ಅಷ್ಟೇ ಅಲ್ಲ, ರೈಟರ್ ಬರೆದ ಲೆಕ್ಕ ಸರಿಯೇ ಎಂದು ನೋಡುವ ಕಣ್ಣೂ ಮನೆಯಲ್ಲಿ ಹುಟ್ಟುತ್ತದೆ.

ಅಂಗಡಿಯವರ ಮಕ್ಕಳಿಗೆ ಲಾಭನಷ್ಟ ಕಲಿಸಲು ಗುರುಗಳೇ ಬೇಡ. 25 ಕಿಲೋ ಅಕ್ಕಿಯ ಚೀಲವನ್ನು 1,250 ರೂಪಾಯಿಗೆ ತಂದು ಕಿಲೋಗೆ 54ರಂತೆ ಮಾರಿದರೆ ಬರುವುದು 1,350, ಲಾಭ 100. ಅರ್ಧ ಕಿಲೋ ಇಲಿಯ ಪಾಲಾದರೆ? 24.5 ಕಿಲೋಗೆ 1,323, ಲಾಭ 73ಕ್ಕಿಳಿಯಿತು. ದಶಮಾಂಶವೂ ಬಂತು, ವ್ಯಾಪಾರದ ಸತ್ಯವೂ ತಿಳಿಯಿತು. ಎಂಟು ಗಂಟೆಗೆ ಎರಡು ಬಸ್ಸು ಒಟ್ಟಿಗೆ ಹೊರಡುತ್ತವೆ. ಒಂದು ಮಾರ್ಗದಲ್ಲಿ 20 ನಿಮಿಷಕ್ಕೊಂದು, ಇನ್ನೊಂದರಲ್ಲಿ 30 ನಿಮಿಷಕ್ಕೊಂದು. ಮತ್ತೆ ಒಟ್ಟಿಗೆ ಹೊರಡುವುದು ಯಾವಾಗ? ಒಂಬತ್ತು ಗಂಟೆಗೆ. ಶಾಲೆಯಲ್ಲಿ ಲಘುತಮ ಸಾಮಾನ್ಯ ಅಪವರ್ತ್ಯ ಎಂದು ಹೆದರಿಸುವುದು ಇದನ್ನೇ. ಕಾಫಿ ಒಣಗಿಸುವ ಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಸುತ್ತಳತೆ 40 ಮೀಟರ್, ವಿಸ್ತೀರ್ಣ 96 ಚದರ ಮೀಟರ್. ಮಗು ಕಣದ ಸುತ್ತ ಒಮ್ಮೆ ನಡೆಯಲಿ. ಸುತ್ತಳತೆ ಯಾವುದು, ವಿಸ್ತೀರ್ಣ ಯಾವುದು ಎಂಬುದನ್ನು ಮತ್ತೆ ಮರೆಯುವುದಿಲ್ಲ.

ಮಾನಸಿಕ ಸಾಮರ್ಥ್ಯ. ಅರ್ಧ ಅಂಕ ಇದಕ್ಕೇ. ತರಬೇತಿಯವರು ಹೆದರಿಸುವುದೂ ಇದನ್ನು ತೋರಿಸಿಯೇ. ಆದರೆ ಈ ಭಾಗದಲ್ಲಿ ಇರುವುದು ಬರೀ ಚಿತ್ರಗಳು. ಗುಂಪಿಗೆ ಸೇರದ ಚಿತ್ರ ಯಾವುದು, ಸಾಲಿನಲ್ಲಿ ಮುಂದಿನದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಿಸಿ ತೂತು ಮಾಡಿದ ಕಾಗದ ಬಿಚ್ಚಿದರೆ ಹೇಗಿರುತ್ತದೆ, ದೊಡ್ಡ ಆಕೃತಿಯೊಳಗೆ ಸಣ್ಣದು ಎಲ್ಲಿ ಅಡಗಿದೆ, ಇಂಥವು. ಹಳೆಯ ಪತ್ರಿಕೆಯ ಹಾಳೆಯನ್ನು ಎರಡು ಸಲ ಮಡಿಸಿ ಮೊಳೆಯಿಂದ ಒಂದು ತೂತು ಚುಚ್ಚಿ. ಬಿಚ್ಚುವ ಮುಂಚೆ ಮಗು ಹೇಳಲಿ, ಎಷ್ಟು ತೂತು, ಎಲ್ಲೆಲ್ಲಿ? ನಾಲ್ಕು ತೂತು. ತನ್ನ ಹೆಸರನ್ನು ಬರೆದು ಗೋಡೆಯ ಕನ್ನಡಿಗೆ ಹಿಡಿಯಲಿ. ಹೆಣ್ಣುಮಕ್ಕಳೇ, ಚುಕ್ಕಿಯ ರಂಗೋಲಿಯಲ್ಲಿ ಅರ್ಧ ಎಳೆದು ಉಳಿದರ್ಧವನ್ನು ಮಗುವಿಗೆ ಬಿಡಿ. ತಿಂಗಳೊಪ್ಪತ್ತು ಈ ಆಟ ಆಡಿದ ಮೇಲೆ ಹಳೆಯ ಪ್ರಶ್ನೆಪತ್ರಿಕೆಯ ಪುಸ್ತಕ ಒಂದನ್ನು ಕೊಂಡು ಕೊಡಿ. ಒಂದು ಪುಸ್ತಕ ಸಾಕು, ಐದು ಮಕ್ಕಳಿಗೆ ಒಂದು.

ಕೊನೆಯದು ಉತ್ತರ ಹಾಳೆ. ಅಲ್ಲಿ ಬರೆಯುವಂತಿಲ್ಲ, ಸರಿಯಾದ ಉತ್ತರದ ಸೊನ್ನೆಯನ್ನು ಪೆನ್ನಿನಿಂದ ಪೂರ್ತಿ ತುಂಬಬೇಕು. ಅಳಿಸುವಂತಿಲ್ಲ. ಜಾಣ ಮಗು 17ನೇ ಪ್ರಶ್ನೆಯ ಉತ್ತರವನ್ನು 18ರ ಸಾಲಿನಲ್ಲಿ ತುಂಬಿದರೆ ಅಲ್ಲಿಂದ ಮುಂದೆ ಎಲ್ಲವೂ ತಪ್ಪು. ನೋಟ್‌ಪುಸ್ತಕದಲ್ಲಿ ಬಳೆಯಿಟ್ಟೋ ನಾಣ್ಯವಿಟ್ಟೋ ಸೊನ್ನೆಗಳನ್ನು ಎಳೆದು ತುಂಬಿಸುವ ಅಭ್ಯಾಸ ಮಾಡಿಸಿ. ನಗಬೇಡಿ, ಜಾಗ ತಪ್ಪುವುದು ಇಷ್ಟು ಸಣ್ಣ ಕಾರಣಕ್ಕೆ.

ಕೊಯ್ಲಿನ ಕಾಲಕ್ಕೇ ಪರೀಕ್ಷೆ

2025-26ರ ಪ್ರವೇಶಕ್ಕೆ ನಮ್ಮ ಕಡೆ ಪರೀಕ್ಷೆ ನಡೆದದ್ದು 2025ರ ಜನವರಿ 18ರಂದು. 2026-27ರ ಪ್ರವೇಶಕ್ಕೆ 2025ರ ಡಿಸೆಂಬರ್ 13ರಂದು. ಅರೇಬಿಕಾ ಹಣ್ಣಾಗುವುದು ನವೆಂಬರಿನಿಂದ, ರೋಬಸ್ಟಾ ಜನವರಿಯಿಂದ. ಅಂದರೆ ಮಗು ಓದಬೇಕಾದ ತಿಂಗಳುಗಳಲ್ಲೇ ತಂದೆತಾಯಿ ಬೆಳಕು ಹರಿಯುವ ಮುಂಚೆ ತೋಟಕ್ಕೆ ಹೋಗಿ ಕತ್ತಲಾದ ಮೇಲೆ ಬರುವುದು. ಕೈಗೊಂದು ಬುಟ್ಟಿ ಹೆಚ್ಚಾಗಲಿ ಎಂದು ಮಗುವನ್ನೂ ಕರೆದೊಯ್ಯುವ ಮನಸ್ಸಾಗುವುದೂ ಆಗಲೇ. ಬೇಡ. 14 ವರ್ಷದೊಳಗಿನ ಮಗುವನ್ನು ಕೂಲಿಗೆ ಹಚ್ಚುವುದನ್ನು 2016ರ ತಿದ್ದುಪಡಿ ಪೂರ್ತಿ ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ, ಆ ಒಂದು ಬುಟ್ಟಿ ಹಣ್ಣಿನ ಬೆಲೆಗೆ ಮಗುವಿನ ಏಳು ವರ್ಷದ ಓದನ್ನು ಮಾರಬೇಡಿ.

ಹಾಗಾದರೆ ಓದು ಯಾವಾಗ? ಮಳೆಗಾಲದಲ್ಲಿ. ಮಳೆಯ ರಜೆ ಕೊಟ್ಟಾಗ ಮಗು ಮನೆಯಲ್ಲೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಗ್ಗಿ, ಓದು, ಕಾಗದದ ಆಟ. ಅಕ್ಟೋಬರ್‌ನಿಂದ ಗಡಿಯಾರ ಇಟ್ಟುಕೊಂಡು ವಾರಕ್ಕೊಂದು ಪ್ರಶ್ನೆಪತ್ರಿಕೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಹತ್ತು ವರ್ಷದ ಮಗುವನ್ನು ರಾತ್ರಿ ಹತ್ತರವರೆಗೆ ಕೂರಿಸಿದರೆ ಅದು ಕಲಿಯುವುದು ಲೆಕ್ಕವನ್ನಲ್ಲ, ಪುಸ್ತಕದ ಮೇಲಿನ ದ್ವೇಷವನ್ನು. ಹೊಡೆಯಬೇಡಿ. ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸಬೇಡಿ. ಇನ್ನೊಂದು ಮಾತು: ಆಯ್ಕೆಯಾದರೆ ಮಗು ಮನೆ ಬಿಟ್ಟು ಹೋಗಬೇಕು. ಅದನ್ನು ಮೊದಲೇ ಮಗುವಿಗೆ ಹೇಳಿ, ಅದರ ಮನಸ್ಸನ್ನೂ ಕೇಳಿ.

ಎಂಬತ್ತೊಂದನೆಯ ಮಗು

ಈಗ ಮೊದಲು ಹೇಳಿದ ಲೆಕ್ಕಕ್ಕೆ ಬರೋಣ. ಜಾಗ ಎಂಬತ್ತು. ಎಂಬತ್ತನೆಯ ಮಗು ಒಳಗೆ, ಎಂಬತ್ತೊಂದನೆಯದು ಹೊರಗೆ. ನಡುವೆ ಇರುವುದು ಒಂದು ಪ್ರಶ್ನೆಯ ಅಂತರ, ಒಂದೂಕಾಲು ಅಂಕ. ಆ ಒಂದೂಕಾಲು ಅಂಕದಿಂದ ಒಂದು ಮಗು ಜಾಣ, ಇನ್ನೊಂದು ದಡ್ಡ ಎಂದು ಯಾರು ಹೇಳಬಲ್ಲರು? ನಿಮ್ಮ ಮನೆಯಲ್ಲಿ ಫೇಲ್ ಎಂಬ ಮಾತು ಬಾರದಿರಲಿ. ಇದು ಪಾಸು ಫೇಲಿನ ಪರೀಕ್ಷೆಯೇ ಅಲ್ಲ; ಜಾಗ ಸಾಲದ್ದರಿಂದ ಮಾಡುವ ಆಯ್ಕೆ. ಮಗ್ಗಿ ಕಲಿತ, ಓದಿದ್ದನ್ನು ಹೇಳಬಲ್ಲ ಮಗು ಯಾವ ಶಾಲೆಯ ಆರನೇ ತರಗತಿಯಲ್ಲೂ ಮುಂದಿರುತ್ತದೆ. ಆ ವರ್ಷದ ಶ್ರಮ ಎಲ್ಲಿಗೂ ಹೋಗುವುದಿಲ್ಲ.

ಆದರೆ ಜಾಗ ಏಕೆ ಸಾಲದು? ಸಮಾಜವಾದಿಗಳಾದ ನಾವು ಕೇಳಬೇಕಾದ ಪ್ರಶ್ನೆ ಇದು. 1964ರಲ್ಲಿ ನೇಮಿಸಿದ ಕೊಠಾರಿ ಆಯೋಗ 1966ರಲ್ಲಿ ವರದಿ ಕೊಟ್ಟಿತು. ಬಡವನ ಮಗುವೂ ಶ್ರೀಮಂತನ ಮಗುವೂ ಒಂದೇ ನೆರೆಹೊರೆಯ ಶಾಲೆಯಲ್ಲಿ ಓದುವ ಸಮಾನ ಶಾಲಾ ವ್ಯವಸ್ಥೆ ಬೇಕೆಂಬುದು ಅದರ ಸಲಹೆ. ಇಪ್ಪತ್ತು ವರ್ಷ ಕಳೆದ ಮೇಲೆ ಬಂದದ್ದು ಜಿಲ್ಲೆಗೊಂದು ಒಳ್ಳೆಯ ಶಾಲೆ. ಒಂದು ಒಳ್ಳೆಯ ಶಾಲೆ ಬಂದದ್ದಕ್ಕೆ ನಾವು ಬೇಸರಪಡುವುದಿಲ್ಲ. ಉಳಿದ ಶಾಲೆಗಳು ಹಾಗಿಲ್ಲದಿರುವುದಕ್ಕೆ ನಮ್ಮ ಬೇಸರ. ಊರ ಕೆರೆ ಬತ್ತಿದ ಮೇಲೆ ಎಂಬತ್ತು ಕೊಡ ನೀರು ತಂದು ಹಂಚಿದರೆ ಊರಿನ ಬಾಯಾರಿಕೆ ತೀರೀತೆ?

ಹಕ್ಕುಗಳು ಕಾಗದದ ಮೇಲಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು, ಅರ್ಧದಷ್ಟು ಮಹಿಳೆಯರು ಇರಬೇಕು. ಕಾರ್ಮಿಕರ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದ ತೋಟದಲ್ಲಿ ಶಿಕ್ಷಣದ ಅನುಕೂಲ ಮಾಡಿಕೊಡುವ ಹೊಣೆಯನ್ನು ಮಾಲಿಕನ ಮೇಲೆ ಹೊರಿಸುವ ಅಧಿಕಾರವನ್ನು 1951ರ ತೋಟ ಕಾರ್ಮಿಕರ ಕಾಯ್ದೆ ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಈ ಮಾತು ಅದರಲ್ಲೂ ಉಳಿದಿದೆ. ಕೇಳುವವರಿಲ್ಲದಿದ್ದರೆ ಯಾವ ಕಾಯ್ದೆಯೂ ತಾನಾಗಿ ಲೈನ್ ಮನೆಯ ಬಾಗಿಲು ತಟ್ಟುವುದಿಲ್ಲ.

ಮಿತ್ರರೇ, ಮೂರು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು: ಪ್ರತಿ ಲೈನಿನಲ್ಲಿ, ಪ್ರತಿ ಬೀದಿಯಲ್ಲಿ ಐದಾರು ಮಕ್ಕಳ ಒಂದು ಸಂಜೆಯ ಕೂಟ. ಪಿಯುಸಿ ಓದಿದ ಅಕ್ಕನೋ ಅಣ್ಣನೋ ಒಬ್ಬರು ಜೊತೆಗೆ ಕೂರಲಿ. ವರ್ತಕ ಮಿತ್ರರು ಅಂಗಡಿಯ ಜಗಲಿ ಮತ್ತು ಒಂದು ದೀಪ ಕೊಡಲಿ. ಪುಸ್ತಕದ ಹಣವನ್ನು ಕಾರ್ಮಿಕ ಸಂಘ ಹಾಕಲಿ.

ಎರಡನೆಯದು: ಅರ್ಜಿಯ ತಿಂಗಳಲ್ಲಿ ಕಂಪ್ಯೂಟರ್ ಬಲ್ಲ ಒಬ್ಬ ಯುವಕ ಸಂಘದ ಕಚೇರಿಯಲ್ಲಿ ಕೂತು ಎಲ್ಲರ ಅರ್ಜಿ ತುಂಬಲಿ. ಅಸ್ಸಾಮಿನಿಂದ ಬಂದವರ ಮಗುವಾಗಲಿ, ತಮಿಳುನಾಡಿನವರ ಮಗುವಾಗಲಿ, ನಮ್ಮ ಊರಿನದೇ ಆಗಲಿ, ಅರ್ಹತೆಯಿರುವ ಒಂದು ಮಗುವೂ ಬಿಟ್ಟುಹೋಗಬಾರದು.

ಮೂರನೆಯದು: ಶಾಲಾ ಸಮಿತಿಯ ಸಭೆಗೆ ಹೋಗಿ. ಅರ್ಧ ದಿನದ ಕೂಲಿ ಹೋದರೂ ಹೋಗಿ. ಶಿಕ್ಷಕರ ಜಾಗ ಖಾಲಿಯಿದ್ದರೆ ಅರ್ಜಿ ಬರೆದು, ಎಲ್ಲರೂ ಸಹಿ ಹಾಕಿ, ಮೂಡಿಗೆರೆಯ ಶಿಕ್ಷಣಾಧಿಕಾರಿಗಳಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಮಗು ನವೋದಯಕ್ಕೆ ಹೋದ ಮೇಲೂ ಹೋಗುವುದನ್ನು ನಿಲ್ಲಿಸಬೇಡಿ. ತನ್ನ ಮಗು ದಾಟಿದ ಕೂಡಲೇ ದೋಣಿಯನ್ನು ಬಿಟ್ಟುಹೋಗುವವನು ನಮ್ಮವನಲ್ಲ.

ಮುಂದಿನ ಮಳೆಗಾಲದ ಮೊದಲ ವಾರದಲ್ಲೇ ಕೂಟಗಳು ಆರಂಭವಾಗಲಿ. ಹೆಸರು ಕೊಡುವವರು ಇಂದೇ, ಇಲ್ಲಿಂದ ಏಳುವ ಮುಂಚೆ ಕೊಡಿ.